ಟೈಮ್ ಎಲ್ಲಿ ತಗೋಬೇಕು?

2019ರ ಜುಲೈ 26ರಂದು ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ 19ನೇ ಹಂತ (ದಿನಕ್ಕೊಂದು ಹಂತ) ಟಿನ್ಯ ಎಂಬ ಊರಿನಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮುಂದಿನ ಕಣಿವೆಯಲ್ಲಿ ಆಲಿಕಲ್ಲು ಸುರಿದು ರಸ್ತೆ ಬೆಳ್ಳಗಾಗಿತ್ತು, ಗುಡ್ಡ ಕುಸಿದು ಕೆಸರು ಅಡ್ಡ ಬಿದ್ದಿತ್ತು. ಸವಾರರು ಆಗಲೇ 2,770 ಮೀಟರ್ ಎತ್ತರದ ಇಸರಾನ್ ಘಾಟಿ ಹತ್ತಿ ಇಳಿಯತೊಡಗಿದ್ದರು. ಅಧಿಕಾರಿಗಳು ರೇಸ್ ನಿಲ್ಲಿಸಿ, ಘಾಟಿಯ ನೆತ್ತಿಯಲ್ಲಿ ಯಾರು ಎಷ್ಟು ಅಂತರದಲ್ಲಿ ದಾಟಿದ್ದರೋ ಅದನ್ನೇ, ಎಲ್ಲ ಹಂತಗಳ ಟೈಮ್ ಕೂಡಿಸುವ ಒಟ್ಟು ಲೆಕ್ಕಕ್ಕೆ ಹಿಡಿದರು. ಆ ದಿನದ ಹಂತಕ್ಕೆ ವಿಜೇತನೇ ಇಲ್ಲ. ಒಟ್ಟು ಲೆಕ್ಕದಲ್ಲಿ ಮುಂದಿರುವವನು ತೊಡುವ ಹಳದಿ ಅಂಗಿ ಮಾತ್ರ ಜೂಲಿಯನ್ ಅಲಾಫಿಲಿಪ್‌ನಿಂದ ಎಗಾನ್ ಬರ್ನಾಲ್‌ಗೆ ಹೋಯಿತು, ಪ್ಯಾರಿಸ್ ತನಕ ಅವನ ಮೈಮೇಲೇ ಉಳಿಯಿತು.

ನೋಡಿದವರೆಲ್ಲ ಆಲಿಕಲ್ಲಿನ ಮಾತಾಡಿದರು. ನನ್ನ ಕಣ್ಣು ಹೋದದ್ದು ಆ ನೆತ್ತಿಯ ಗೆರೆಗೆ. ನಿಲ್ಲಿಸುವ ನಿರ್ಧಾರಕ್ಕೆ ಅಲ್ಲಿ ಯಾರೂ ಹೆಚ್ಚು ಯೋಚಿಸಬೇಕಿರಲಿಲ್ಲ, ರಸ್ತೆಯೇ ಇರಲಿಲ್ಲ. ನಿಲ್ಲಿಸಿದ ಮೇಲೆ ಕೈಯಲ್ಲೊಂದು ನಂಬಬಹುದಾದ ಟೈಮ್ ಇತ್ತಲ್ಲ, ಅದು ಅವರನ್ನು ಉಳಿಸಿತು.

ನಾನು ವಿಜಯಪುರ, ಬಾಗಲಕೋಟೆ ಕಡೆಯ ರೋಡ್ ರೇಸ್‌ಗಳಲ್ಲಿ ಕಮಿಸೇರ್, ಅಂದರೆ ತೀರ್ಪುಗಾರನ ಕೆಲಸ ಮಾಡುವವನು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹೆಲಿಕಾಪ್ಟರ್ ಇರುವುದಿಲ್ಲ, ಸವಾರರ ಕಿವಿಯಲ್ಲಿ ರೇಡಿಯೋವೂ ಇರುವುದಿಲ್ಲ. ಆದರೆ ಮಳೆ, ಬೀಳಾಟ, ಜಗಳ ಈ ಮೂರೂ ಇವೆ. ಆದ್ದರಿಂದ ದೊಡ್ಡ ರೇಸ್‌ಗಳನ್ನು ನೋಡುವಾಗ ಯಾರು ಗೆದ್ದರು ಎನ್ನುವುದಕ್ಕಿಂತ ಜ್ಯೂರಿ (ತೀರ್ಪುಗಾರರ ಮಂಡಳಿ) ಏನು ಮಾಡಿತು ಎಂದು ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ರೇಸಿನ ಹಿಂದಿನ ದಿನ ನಾನು ಜೀಪಿನಲ್ಲಿ ಇಡೀ ದಾರಿ ಓಡಾಡುತ್ತೇನೆ. ಗುಂಡಿ, ತಿರುವು, ಹಂಪ್ ಎಲ್ಲರೂ ನೋಡುತ್ತಾರೆ. ನಾನು ಹುಡುಕುವುದು ಇನ್ನೊಂದನ್ನು: ರೇಸ್ ಅರ್ಧಕ್ಕೇ ನಿಂತರೆ ಯಾವ ಕಿಲೋಮೀಟರ್ ಕಲ್ಲು, ಯಾವ ಮೋರಿ, ಯಾವ ಪೆಟ್ರೋಲ್ ಬಂಕಿನ ಎದುರು ತೆಗೆದುಕೊಂಡ ಟೈಮನ್ನು ಯಾರೂ ಪ್ರಶ್ನಿಸಲಾರರು? ಅಂಥ ಜಾಗಗಳನ್ನು ಬರೆದುಕೊಂಡು ಬೈಕ್ ಮೇಲೆ ಹೋಗುವ ಕಮಿಸೇರ್‌ಗೂ ಒಂದು ಪ್ರತಿ ಕೊಡುತ್ತೇನೆ. ಆ ಜಾಗ ಬಂದಾಗಲೆಲ್ಲ, ಬಿಸಿಲಿರಲಿ ಮಳೆಯಿರಲಿ, ಇಬ್ಬರೂ ಸ್ಟಾಪ್‌ವಾಚ್ ನೋಡಿ ಗ್ಯಾಪ್ ಬರೆಯಲೇಬೇಕು.

ಇದು ಕೆಲಸಕ್ಕೆ ಬಂದದ್ದು ಒಂದು ಹಿಂಗಾರಿ ಮಳೆಯಲ್ಲಿ. ನಮ್ಮ ಕಡೆ ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರ್‌ಗಳು ಎರೆ ಹೊಲದಿಂದ ನೇರ ಡಾಂಬರಿಗೆ ಏರುತ್ತವೆ. ಗಾಲಿಗೆ ಅಂಟಿದ ಮಣ್ಣು ರಸ್ತೆ ಮೇಲೆ ಉದುರಿ ಒಣಗಿರುತ್ತದೆ, ಮೊದಲ ಹನಿ ಬಿದ್ದರೆ ಸಾಬೂನು ಬಳಿದಂತೆ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ, ಜಿಟಿಜಿಟಿ ಮಳೆಯೇ ಅಪಾಯ. ಅಂದು ನಾಲ್ಕು ಹುಡುಗರು ಬಂಚ್ (ಸವಾರರ ದೊಡ್ಡ ಗುಂಪು) ಬಿಟ್ಟು ಮುಂದೆ ಹೋಗಿದ್ದರು. ಅವರ ಹಿಂದೆ ಒಂದು ತಿರುವಿನಲ್ಲಿ ಬಂಚಿನ ಮುಂಚೂಣಿಯವನೊಬ್ಬ ಬ್ರೇಕ್ ಮುಟ್ಟಿದ, ಅವನ ಮೇಲೆ ಅರ್ಧ ಬಂಚ್ ಬಿತ್ತು.

ಎಷ್ಟು ಜನ ಬಿದ್ದರು ಎಂದು ಎಣಿಸುವುದಕ್ಕೆ ಮೊದಲು ನಾನು ಆಂಬ್ಯುಲೆನ್ಸ್ ಎಣಿಸುತ್ತೇನೆ. ಇದ್ದದ್ದು ಎರಡು. ಒಂದರಲ್ಲಿ ಕಾಲರ್ ಬೋನ್ ಮುರಿದ ಹುಡುಗ ಹೊರಟ. ಇನ್ನೊಂದರ ಡಾಕ್ಟರು ತಲೆಗೆ ಪೆಟ್ಟಾದವನ ಪಕ್ಕ ಕೂತಿದ್ದರು. ಅಂದರೆ ರೇಸಿಗೆ ಆಂಬ್ಯುಲೆನ್ಸ್ ಇಲ್ಲ, ಅಂದರೆ ರೇಸ್ ಇಲ್ಲ. ಇದನ್ನು ನಾನು ಕಲಿತದ್ದು 2015ರ ಟೂರ್‌ನಲ್ಲಿ. ಹುಯ್ ಊರಿನ ದಾರಿಯಲ್ಲಿ ದೊಡ್ಡ ಬೀಳಾಟವಾಗಿ, ಹಳದಿ ಅಂಗಿಯಲ್ಲಿದ್ದ ಫ್ಯಾಬಿಯನ್ ಕಾನ್ಸೆಲಾರನ ಬೆನ್ನೆಲುಬಿಗೇ ಪೆಟ್ಟಾಯಿತು. ವೈದ್ಯರೆಲ್ಲ ಬಿದ್ದವರ ಹತ್ತಿರ ಸಿಕ್ಕಿಕೊಂಡಿದ್ದರಿಂದ ರೇಸ್ ಡೈರೆಕ್ಟರ್ ಕ್ರಿಸ್ಟಿಯಾನ್ ಪ್ರೂದಮ್ ಎಲ್ಲರನ್ನೂ ನಿಲ್ಲಿಸಿದರು. 2023ರಲ್ಲಿ ಮೊರ್ಜೀನ್ ಹಂತದ ಶುರುವಿನಲ್ಲೂ ಹೀಗೇ ಆಯಿತು. ಬೀಳಾಟ ಎಷ್ಟು ಭೀಕರ ಎಂಬುದರ ಮೇಲೆ ನಿರ್ಧರಿಸಲು ಹೋದರೆ ಪ್ರತಿ ಸಲವೂ ವಾದ ಹುಟ್ಟುತ್ತದೆ. ಆಂಬ್ಯುಲೆನ್ಸ್ ಇದೆಯೋ ಇಲ್ಲವೋ ಎಂಬುದರಲ್ಲಿ ವಾದಕ್ಕೆ ಜಾಗವಿಲ್ಲ.

ಮುಂದಿದ್ದ ನಾಲ್ವರನ್ನು ಬೈಕ್ ಕಮಿಸೇರ್ ಕೆಂಪು ಬಾವುಟ ಹಿಡಿದು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಬೀಳಾಟಕ್ಕೆ ಮುಂಚೆ ಮೋರಿಯ ಬಳಿ ಬರೆದುಕೊಂಡಿದ್ದ ಗ್ಯಾಪ್ 1 ನಿಮಿಷ 50 ಸೆಕೆಂಡ್. ಆಂಬ್ಯುಲೆನ್ಸ್ ವಾಪಸ್ ಬಂದ ಮೇಲೆ ಅದೇ ಗ್ಯಾಪ್ ಇಟ್ಟು ಬಿಡುವುದೆಂದು ಹೇಳಿದೆ. ನಿಯಮ ಇದಕ್ಕೆ ಅವಕಾಶ ಕೊಡುತ್ತದೆ: ದಾರಿ ಬದಲಿಸಬಹುದು, ಸ್ವಲ್ಪ ಹೊತ್ತು ನ್ಯೂಟ್ರಲೈಸ್ ಮಾಡಬಹುದು (ಅಂದರೆ ಪೈಪೋಟಿ ತಡೆಹಿಡಿಯಬಹುದು), ಹಂತವನ್ನೇ ರದ್ದು ಮಾಡಬಹುದು, ಅಂತರ ಉಳಿಸಿ ಮತ್ತೆ ಶುರು ಮಾಡಬಹುದು. ಆದರೆ ಕೋಚ್‌ಗಳು ಸುತ್ತುಗಟ್ಟಿದರು.

“ಸರ್ರ, ನಮ್ಮ ಹುಡುಗ್ರು ಬಿದ್ದು ಎದ್ದಾರ. ಮುಂದಿನವ್ರಿಗೆ ಯಾಕ ಗ್ಯಾಪ್ ಕೊಡ್ತೀರಿ? ಎಲ್ಲಾರ್ನೂ ಕೂಡ್ಸಿ ಬಿಡ್ರಿ.”

“ಗ್ಯಾಪ್ ನಾ ಕೊಟ್ಟಿಲ್ರಿ, ಅವ್ರು ಹೊಡದು ಗಳಿಸ್ಯಾರ. ಬರದ ಚೀಟಿ ಇಲ್ಲೈತಿ ನೋಡ್ರಿ.”

ಚೀಟಿ ಇಲ್ಲದಿದ್ದರೆ ಆ ಮಾತಿಗೆ ಕಿಮ್ಮತ್ತಿರುತ್ತಿರಲಿಲ್ಲ. ಅರ್ಧ ಗಂಟೆ ನಿಂತು ಕಾಲು ತಣ್ಣಗಾದವರನ್ನು ಒಮ್ಮೆಲೇ ಬಿಡಬಾರದು. ಎರಡೂ ಗುಂಪುಗಳನ್ನು ಸ್ವಲ್ಪ ದೂರ ವಾಹನದ ಹಿಂದೆ ನಿಧಾನ ನಡೆಸಿ ಆಮೇಲೆ ಬಾವುಟ ಬೀಸಿದೆವು.

ತೀರ್ಮಾನಕ್ಕಿಂತ ಕಷ್ಟದ್ದು ಅದನ್ನು ಮುಟ್ಟಿಸುವುದು. 2014ರಲ್ಲಿ ಇಟಲಿಯ ದೊಡ್ಡ ರೇಸ್ ಜಿರೊ ಡಿ ಇಟಾಲಿಯಾದಲ್ಲಿ ಸ್ಟೆಲ್ವಿಯೋ ಘಾಟಿಯ ಮೇಲೆ ಹಿಮ ಬೀಳುತ್ತಿತ್ತು. ಇಳಿಜಾರಿನಲ್ಲಿ ಕೆಂಪು ಬಾವುಟದ ಬೈಕ್‌ಗಳ ಹಿಂದೆ ಹೋಗಬೇಕು ಎಂಬಂಥ ಸುದ್ದಿ ರೇಸ್ ರೇಡಿಯೋದಲ್ಲಿ ಬಂತು. ಕೆಲವು ತಂಡಗಳು ಅದನ್ನು ನ್ಯೂಟ್ರಲೈಸ್ ಎಂದು ತಿಳಿದವು, ಕೆಲವು ಹಾಗೇನಿಲ್ಲ ಎಂದು ಓಡಿದವು. ನೈರೊ ಕ್ವಿಂಟಾನ ಮುಂದಿದ್ದ ಗುಂಪಿನಲ್ಲಿ ಇಳಿದು, ಹಂತ ಗೆದ್ದು, ರಿಗೋಬೆರ್ಟೊ ಉರಾನ್‌ನಿಂದ ಅಲ್ಲಿ ಒಟ್ಟು ಲೆಕ್ಕದಲ್ಲಿ ಮುಂದಿರುವವನ ಗುಲಾಬಿ ಅಂಗಿ ಪಡೆದ. ಕೊನೆಗೆ ಇಡೀ ಜಿರೊವನ್ನೂ ಗೆದ್ದ. ಕ್ವಿಂಟಾನ ತಪ್ಪು ಮಾಡಿದ ಎಂದು ನಾನು ಇಂದಿಗೂ ಒಪ್ಪುವುದಿಲ್ಲ. ಅರ್ಧ ಜನಕ್ಕೆ ಒಂದು, ಉಳಿದರ್ಧಕ್ಕೆ ಇನ್ನೊಂದು ಕೇಳಿಸುವ ಸೂಚನೆ ಸೂಚನೆಯೇ ಅಲ್ಲ. ನಮ್ಮ ಮ್ಯಾನೇಜರ್ಸ್ ಮೀಟಿಂಗ್‌ನಲ್ಲಿ ನಾನು ಎರಡೇ ಮಾತು ಬಳಸುತ್ತೇನೆ: “ರೇಸ್ ನಡೀತಿದೆ”, “ರೇಸ್ ನಿಂತಿದೆ”. ಹುಷಾರಾಗಿ ಹೋಗಿ, ನಿಧಾನ ಇಳಿಯಿರಿ ಎಂಬ ಸಲಹೆಗಳನ್ನು ವಾಹನದಿಂದ ಯಾರೂ ಕೂಗಕೂಡದು.

ಸವಾರರೇ ನಿಲ್ಲಿಸಿದರೆ? 2010ರ ಟೂರ್‌ನಲ್ಲಿ ಸ್ಪಾ ಊರಿನ ಹಂತದಲ್ಲಿ ಒದ್ದೆ ಇಳಿಜಾರಿನಲ್ಲಿ ಬಹಳ ಜನ ಬಿದ್ದರು. ಕಾನ್ಸೆಲಾರ ಮುಂದೆ ನಿಂತು ಬಂಚನ್ನು ನಿಧಾನ ಮಾಡಿಸಿದ, ತನ್ನ ಹಳದಿ ಅಂಗಿ ಸಿಲ್ವಾನ್ ಶಾವನೆಲ್‌ಗೆ ಹೋಗುತ್ತದೆಂದು ಗೊತ್ತಿದ್ದೂ. ಸ್ಪ್ರಿಂಟ್ ಮಾಡದೆ ಬಂದ ಬಂಚಿಗೆ ಆ ದಿನ ಫಿನಿಷ್‌ನ ಅಂಕ ಕೊಡಲಿಲ್ಲ, ಅದು ಸರಿ. ಇದಕ್ಕಿಂತ ನನಗೆ ಹಿಡಿಸಿದ್ದು 2024ರ ಏಪ್ರಿಲ್‌ನಲ್ಲಿ ಸ್ಪೇನಿನ ಬಾಸ್ಕ್ ನಾಡಿನ ಇಟ್ಸುಲಿಯಾ ರೇಸಿನಲ್ಲಿ ಮಾಡಿದ್ದು. ವಿಂಗೆಗಾರ್ಡ್, ಎವೆನೆಪೂಲ್, ರೋಗ್ಲಿಚ್ ಎಂಬ ಮೂವರು ದೊಡ್ಡ ಸವಾರರೂ ಒಂದೇ ತಿರುವಿನಲ್ಲಿ ಬಿದ್ದರು. ಬಂಚ್ ನಿಂತಿತು, ಬಂಚ್ ಬಿಟ್ಟು ಮುಂದೆ ಹೋಗಿದ್ದವರಿಗೆ ಮಾತ್ರ ಹಂತಕ್ಕಾಗಿ ಓಡಲು ಬಿಟ್ಟರು, ಒಟ್ಟು ಲೆಕ್ಕಕ್ಕೆ ಟೈಮ್ ಹಿಡಿಯಲಿಲ್ಲ. ಲೂಯಿ ಮೈಂಟಿಯಸ್ ಗೆದ್ದ. ಬಿದ್ದವರಿಗೂ ಅನ್ಯಾಯವಿಲ್ಲ, ಬೆಳಗಿನಿಂದ ದುಡಿದವರಿಗೂ ಇಲ್ಲ.

2016ರ ಟೂರ್‌ನಲ್ಲಿ ವೆಂತೂ ಬೆಟ್ಟದ ಹಂತದ ತೀರ್ಪಿನ ಬಗ್ಗೆ ಮಾತ್ರ ನನ್ನ ಮನಸ್ಸು ಎರಡು. ಗಾಳಿಗೆ ಫಿನಿಷನ್ನು 6 ಕಿಲೋಮೀಟರ್ ಕೆಳಗೆ ತಂದರು. ಜನ ಅಲ್ಲೇ ಒತ್ತಿಕೊಂಡರು, ಮುಂದಿದ್ದ ಮೋಟಾರ್ ಬೈಕ್ ನಿಂತಿತು, ಹಿಂದಿದ್ದ ಸವಾರರು ಪೋರ್ಟ್, ಮೊಲೆಮಾ, ಫ್ರೂಮ್ ಬಿದ್ದರು, ಫ್ರೂಮ್ ಸೈಕಲ್ಲಿಲ್ಲದೆ ಓಡಿದ. ಜ್ಯೂರಿ ಫ್ರೂಮ್‌ಗೂ ಪೋರ್ಟ್‌ಗೂ ಮೊಲೆಮಾನ ಟೈಮ್ ಕೊಟ್ಟಿತು. ನ್ಯಾಯವೇ. ಆದರೆ ಬೇಗ ಎದ್ದು ಹೋದ ಮೊಲೆಮಾಗೆ ದಕ್ಕಿದ್ದು ತನ್ನದೇ ಟೈಮ್, ಅಷ್ಟೇ.

ನಮ್ಮಲ್ಲಿ ಹೆಚ್ಚು ಕೇಳುವುದು “ಮೂರು ಕಿಲೋಮೀಟರ್ ರೂಲ್”. ಕೊನೆಯ 3 ಕಿಲೋಮೀಟರಿನಲ್ಲಿ ಬಿದ್ದರೆ ಅವನು ಯಾವ ಗುಂಪಿನಲ್ಲಿದ್ದನೋ ಅದರ ಟೈಮ್ ಎಂದು ಟಿವಿಯಲ್ಲಿ ನೋಡಿದ ತಂದೆಯರು ಮೊಬೈಲ್ ಹಿಡಿದು ಬರುತ್ತಾರೆ. ಅದು ಹಲವು ದಿನಗಳ ರೇಸಿಗೆ, ಅದೂ ಬೆಟ್ಟದ ಮೇಲೆ ಮುಗಿಯುವ ಹಂತಕ್ಕಲ್ಲ. ಒಂದೇ ದಿನದ ರೇಸಿನಲ್ಲಿ ಗೆರೆ ಮೊದಲು ದಾಟಿದವನೇ ಮೊದಲು, ಬಿದ್ದವನಿಗೆ ಔಷಧಿ ಮಾತ್ರ.

ನಿಜ ಹೇಳಬೇಕೆಂದರೆ ಬಿಸಿಲೇ ನಮ್ಮ ದೊಡ್ಡ ಹವಾಮಾನ. ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ 2016ರಿಂದ ಹಿಮ, ಗಾಳಿ, ಮಂಜು, ಅತಿ ಉಷ್ಣಕ್ಕೆ ಒಂದು ಪ್ರೋಟೋಕಾಲ್ ಇಟ್ಟಿದೆ. ಈಗ ಉಷ್ಣ, ತೇವ, ಬಿಸಿಲು ಕೂಡಿಸಿ ಅಳೆಯುವ ಸೂಚ್ಯಂಕ 28 ದಾಟಿದರೆ ಕೆಂಪು ಎನ್ನುತ್ತಾರೆ. ನಮ್ಮ ಏಪ್ರಿಲ್‌ನಲ್ಲಿ ಆ ಲೆಕ್ಕ ಹಿಡಿದರೆ ಹೊತ್ತೇರಿದ ಮೇಲೆ ರೇಸೇ ನಡೆಯದು. ನಾನು ಆರಕ್ಕೆ ಸ್ಟಾರ್ಟ್ ಎಂದು ಹಟ ಹಿಡಿಯುತ್ತೇನೆ. ಸಂಘಟಕರು ಮುಖ್ಯ ಅತಿಥಿ ಹತ್ತಕ್ಕೆ ಬರುತ್ತಾರೆ, ಅವರೇ ಬಾವುಟ ಬೀಸಬೇಕು ಎನ್ನುತ್ತಾರೆ. ಅತಿಥಿಗಳು ಹತ್ತಕ್ಕೇ ಬರಲಿ, ಬಹುಮಾನ ಕೊಡಲಿ, ಫೋಟೋನೂ ಚಲೋ ಬರುತ್ತದೆ ಎಂದು ಹೇಳಿ ಬಾವುಟ ನಾನೇ ಇಟ್ಟುಕೊಳ್ಳುತ್ತೇನೆ.