ಕೆಂಪು ಹಾಯಿ, ತಾಮ್ರದ ಹೊಲಿಗೆ

ಶರಾವತಿ ಸಮುದ್ರ ಸೇರುವ ಹೊನ್ನಾವರದಲ್ಲಿ ಬೆಳೆದವನು ನಾನು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನೆಲೆಸಿದ ಮೇಲೂ ದೋಣಿ ಕಂಡಲ್ಲಿ ಕಾಲು ನಿಲ್ಲುವ ಅಭ್ಯಾಸ ಹೋಗಲಿಲ್ಲ. ಒಬ್ಬರ ಹಿತ್ತಲಿನಲ್ಲಿ ಮಗುಚಿಟ್ಟಿದ್ದ ಹಳೆಯ ಮಿರರ್ ಹಾಯಿದೋಣಿಯನ್ನು ಕೊಂಡದ್ದು ಆ ಸೆಳೆತದಿಂದಲೇ.

ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ವಿನ್ಯಾಸ ಮಾಡಿದ ಈ ದೋಣಿಯನ್ನು 1963ರಲ್ಲಿ ಜನರ ಮುಂದಿಟ್ಟದ್ದು ಡೈಲಿ ಮಿರರ್ ಪತ್ರಿಕೆ. ಹೆಸರೂ ಹಾಯಿಯ ಕೆಂಪು ಬಣ್ಣವೂ ಪತ್ರಿಕೆಯವೇ. ಬಿಡಿಭಾಗಗಳ ಕಟ್ಟಿನ ಬೆಲೆ ಆಗ 63 ಪೌಂಡ್ 11 ಷಿಲಿಂಗ್. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್ ಗ್ಲಾಸ್ ಪಟ್ಟಿ ಇಟ್ಟು ರಾಳ ಬಳಿದರೆ ಒಡಲು ಸಿದ್ಧ. ಹಾಗಾಗಿ ಬಡಗಿ ಕೆಲಸ ಬಾರದವರೂ ಮನೆಯಲ್ಲೇ ಕಟ್ಟಿಕೊಂಡರು. ಇಂಥ ದೋಣಿಗಳ ಸಂಖ್ಯೆ 70,000 ದಾಟಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿಯುತ್ತಿದ್ದರು. ಅದೇ ಕ್ರಮದಲ್ಲಿ ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗು 2025ರಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದಾಗ, ಗ್ಯಾರೇಜಿನಲ್ಲಿದ್ದ ನನ್ನ 3.3 ಮೀಟರಿನ ದೋಣಿಯ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚಿತು.

ಮೊದಲ ವರ್ಷ ನಾನು ಮಾಡಿದ್ದು ತಪ್ಪು. ಉಪ್ಪು ಕಾಗದದಿಂದ ಉಜ್ಜಿ ಎರಡು ಪದರ ಬಣ್ಣ ಹೊಡೆದು ನೀರಿಗಿಳಿಸಿದೆ. ಒಂದು ಗಂಟೆಯೊಳಗೆ ದೋಣಿ ಬಲಕ್ಕೆ ವಾಲತೊಡಗಿತು. ಮಿರರ್‌ನ ಮುಂದೆ, ಹಿಂದೆ, ಎರಡೂ ಬದಿಗಳಲ್ಲಿ ಮುಚ್ಚಿದ ಗಾಳಿಪೆಟ್ಟಿಗೆಗಳಿವೆ. ಮಗುಚಿದರೂ ಮುಳುಗದಂತೆ ಕಾಯುವುದು ಅವೇ. ಬಲಬದಿಯ ಪೆಟ್ಟಿಗೆಯ ಬಿರಡೆ ಬಿಚ್ಚಿದರೆ ಕಂದು ನೀರು ಸುರಿಯುತ್ತಲೇ ಇತ್ತು. ಜೊತೆಗಿದ್ದ ಮಗಳು, "ಅಪ್ಪಾ, ಇದು ಇನ್ನೂ ಎಷ್ಟು ಕುಡಿದಿದೆ?" ಎಂದು ಕೇಳಿದಳು.

ಆಮೇಲೆ ಮಿರರ್ ಮಾಲೀಕರ ಸಂಘಕ್ಕೆ ಸೇರಿದೆ. ಅದನ್ನು ಮೊದಲೇ ಮಾಡಬೇಕಿತ್ತು. ಅಲ್ಲಿ ಯಾರೂ ನನ್ನ ಕೆಲಸವೇನು, ಊರು ಯಾವುದು ಎಂದು ಮೊದಲು ಕೇಳಲಿಲ್ಲ. ಹಾಯಿಯ ಮೇಲಿನ ಸಂಖ್ಯೆ ಕೇಳಿದರು. ಅದನ್ನು ಹೇಳಿದೊಡನೆ ದೋಣಿ ಯಾವ ಕಾಲದ್ದು, ಆ ಕಾಲದವು ಎಲ್ಲಿ ಸೋರುತ್ತವೆ ಎಂಬ ಮಾತು ಶುರುವಾಯಿತು. ನಿವೃತ್ತ ಬಡಗಿಯೊಬ್ಬರು ಮರುವಾರವೇ ಮನೆಗೆ ಬಂದರು. ಅವರು ತಂದದ್ದು ಒಂದು ರಬ್ಬರ್ ಕೊಳವೆ, ಒಂದು ಬ್ರಷ್, ಸೋಪಿನ ನೀರು, ಅಷ್ಟೇ.

ಬಿರಡೆಯ ತೂತಿಗೆ ಕೊಳವೆ ಸಿಕ್ಕಿಸಿ ಬಾಯಿಂದ ಊದಲು ಹೇಳಿದರು. ಪಂಪು ಬೇಡವೇ ಬೇಡ, ಒತ್ತಡ ಹೆಚ್ಚಾದರೆ ತೆಳುವಾದ ಹಲಗೆ ಸಂದಿಯಿಂದ ಕಿತ್ತು ಬರುತ್ತದೆ ಎಂದರು. ನಾನು ಊದುತ್ತಿದ್ದೆ, ಅವರು ಸಂದಿಯುದ್ದಕ್ಕೂ ಸೋಪಿನ ನೀರು ಬಳಿಯುತ್ತಿದ್ದರು. ಪೆಟ್ಟಿಗೆ ದೋಣಿಯ ತಳ ಸೇರುವ ಮೂಲೆಯಲ್ಲಿ, ಸೈಕಲ್ ಟ್ಯೂಬಿನ ಪಂಕ್ಚರಿನಂತೆ, ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು ಎದ್ದಿತು. ಅಲ್ಲಿನ ಹಳೆಯ ಪಟ್ಟಿಯನ್ನು ಬಿಸಿಗಾಳಿಯಿಂದ ಮೆದು ಮಾಡಿ ಎಬ್ಬಿಸಿದಾಗ ಅಡಿಯಲ್ಲಿ ತಾಮ್ರದ ಹೊಲಿಗೆ ಹಸಿರುಗಟ್ಟಿ ಕೂತಿತ್ತು. ಯಾರೋ ಹೆಸರಿಲ್ಲದ ಮನುಷ್ಯ ದಶಕಗಳ ಹಿಂದೆ ಇಕ್ಕಳದಿಂದ ತಿರುಚಿದ ಗಂಟು ಅದು. ಬಹಳ ಹೊತ್ತು ಅದನ್ನು ಬೆರಳಿನಿಂದ ಸವರುತ್ತ ಕೂತಿದ್ದೆ.

ನನ್ನ ಹೊಸ ಬಣ್ಣ ತೇವವನ್ನು ಮರದೊಳಗೇ ಹಿಡಿದಿಟ್ಟಿತ್ತು. ಅದನ್ನು ಕೆರೆದು ಆರು ವಾರ ಒಣಗಲು ಬಿಟ್ಟೆ. ಈ ಕಾಯುವಿಕೆಯಲ್ಲಿ ಅವಸರ ಮಾಡಿದ್ದರೆ ಉಳಿದದ್ದೆಲ್ಲ ವ್ಯರ್ಥವಾಗುತ್ತಿತ್ತು. ಆಮೇಲೆ ಹೊಸ ಪಟ್ಟಿಯಿಟ್ಟು ಎಪಾಕ್ಸಿ ರಾಳ ಹಾಕಿದೆ. ಹಳೆಯ ಪಾಲಿಯೆಸ್ಟರ್ ರಾಳಕ್ಕಿಂತ ಅದು ಮರವನ್ನು ಗಟ್ಟಿಯಾಗಿ ಕಚ್ಚುತ್ತದೆ. ತಾಮ್ರದ ಗಂಟನ್ನು ತೆಗೆಯದೆ ಅಲ್ಲೇ ಬಿಟ್ಟೆ.

ಮೇ ತಿಂಗಳಲ್ಲಿ ಮತ್ತೆ ನೀರಿಗಿಳಿಸಿದೆವು. ಎರಡು ಗಂಟೆ ಓಡಾಡಿ ಬಂದು ಮಗಳೇ ಬಿರಡೆ ಬಿಚ್ಚಿ ಕೆಳಗೆ ಅಂಗೈ ಹಿಡಿದಳು. ನಾಲ್ಕೈದು ಹನಿ ಬಿದ್ದವು. ಆ ರಬ್ಬರ್ ಕೊಳವೆ ಈಗ ನನ್ನ ಬಳಿ ಇದೆ. ಬರುವ ಶನಿವಾರ ಸಂಘಕ್ಕೆ ಹೊಸದಾಗಿ ಸೇರಿದ ದಂಪತಿಯ ಮನೆಗೆ ಅದನ್ನು ಒಯ್ಯುತ್ತಿದ್ದೇನೆ.