ಮೊದಲು ಕಟ್‌ಆಫ್ ಇಳಿಸಿ

ಕೋರ್ಗ್ ಕಂಪನಿಯ ಮೈಕ್ರೋಕೋರ್ಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಮಾರುಕಟ್ಟೆಗೆ ಬಂದದ್ದು 2002ರಲ್ಲಿ. 37 ಪುಟ್ಟ ಕೀ, ಐದು ನಾಬ್, ಎರಡೂ ಬದಿಗೆ ಮರದ ಪಟ್ಟಿ. ಹಳೇ ಅನಲಾಗ್ ಸರ್ಕ್ಯೂಟ್ ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಚಿಪ್ ಲೆಕ್ಕ ಹಾಕಿ ಮಾಡುತ್ತದೆ. ವರ್ಚುವಲ್ ಅನಲಾಗ್ ಅಂದರೆ ಇಷ್ಟೇ. ಕೊಂಡವರು ಒಳಗಿರುವ 128 ಪ್ರೋಗ್ರಾಂಗಳನ್ನು (ಸಿದ್ಧ ಸದ್ದುಗಳನ್ನು) ಒಂದು ಸುತ್ತು ಹಾಕಿ, ಬೇಜಾರಾಗಿ ಬೀರುವಿನ ಮೇಲಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಬೇಸ್ (ತಗ್ಗು ಸ್ವರದ) ಸದ್ದನ್ನು ಸೊನ್ನೆಯಿಂದ ಕಟ್ಟೋಣ.

1. ಪ್ರೋಗ್ರಾಂ ಅನ್ನು ಇನಿಶಿಯಲೈಸ್ ಮಾಡಿ, ಅಂದರೆ ಎಲ್ಲ ಸೆಟ್ಟಿಂಗ್ ಅಳಿಸಿ ಮೂಲ ಸ್ಥಿತಿಗೆ ತನ್ನಿ. ಕಂಪನಿ ಕೊಟ್ಟ ಸದ್ದನ್ನೇ ತಿದ್ದಲು ಹೋಗಬೇಡಿ. ಯಾರೋ ಒಗ್ಗರಣೆ ಹಾಕಿಟ್ಟ ಸಾರಿಗೆ ಮತ್ತೆ ಉಪ್ಪು ಖಾರ ಹಾಕಿದ ಹಾಗಾಗುತ್ತದೆ.

2. ಸದ್ದು ಹುಟ್ಟಿಸುವ ಎರಡೂ ಆಸಿಲೇಟರ್‌ಗೆ ಸಾ ವೇವ್ (ಗರಗಸದ ಹಲ್ಲಿನಂಥ ಅಲೆ) ಕೊಡಿ. ಎರಡನೆಯದರ ಸೆಮಿಟೋನ್ -12 (ಒಂದು ಸಪ್ತಕ ಕೆಳಗೆ), ಟ್ಯೂನ್ 4 ಅಥವಾ 5 (ಸ್ವರ ತುಸು ಸರಿಸಲು). ಮಿಕ್ಸರ್‌ನಲ್ಲಿ ಅದರ ಲೆವೆಲ್ ಏರಿಸಲು ಮರೆಯಬೇಡಿ, ಇಲ್ಲದಿದ್ದರೆ ಕೇಳಿಸುವುದೇ ಇಲ್ಲ.

3. ಈಗ ಫಿಲ್ಟರ್. ಎಲ್ಲರೂ ಎಡವುವುದು ಇಲ್ಲೇ.

ಟೈಪ್ 24 ಡಿಬಿ ಲೋ ಪಾಸ್ ಇರಲಿ. ಇದು ಕಟ್‌ಆಫ್ ಎಂಬ ಗಡಿಯ ಮೇಲಿನ ತೀಕ್ಷ್ಣ ಸದ್ದನ್ನು ತಗ್ಗಿಸುತ್ತದೆ. ಕಟ್‌ಆಫ್ ತುದಿಯಲ್ಲಿದ್ದರೆ, ಅಂದರೆ 127ರಲ್ಲಿದ್ದರೆ, ಇಜಿ ಇಂಟ್ (ಎನ್ವಲಪ್‌ನ ಪ್ರಭಾವ) ಎಷ್ಟು ಏರಿಸಿದರೂ ಸದ್ದು ಬದಲಾಗುವುದಿಲ್ಲ. ಇಜಿ ಅಂದರೆ ಎನ್ವಲಪ್, ಕೀ ಒತ್ತಿದ ಮೇಲೆ ಏರಿ ಇಳಿಯುವ ಬಗೆ. ಅದು ಕಟ್‌ಆಫ್ ಅನ್ನು ಮೇಲಕ್ಕೆ ತಳ್ಳಬೇಕು, ತಳ್ಳಲು ಮೇಲೆ ಜಾಗವೇ ಇಲ್ಲ. ಅದಕ್ಕೇ ಮೊದಲು ಕಟ್‌ಆಫ್ ಅನ್ನು 30ರ ಆಸುಪಾಸಿಗೆ ಇಳಿಸಿ. ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಬೇಕು. ಆಮೇಲೆ ಇಜಿ ಇಂಟ್ ಅನ್ನು +40ಕ್ಕೆ ತನ್ನಿ.

ಇಷ್ಟಾದ ಮೇಲೆ ಫಿಲ್ಟರ್ ಇಜಿ. ಅಟ್ಯಾಕ್ (ಏರುವ ಸಮಯ) 0, ಡಿಕೇ (ಇಳಿಯುವ ಸಮಯ) 45, ಸಸ್ಟೇನ್ (ಇಳಿದು ನಿಲ್ಲುವ ಮಟ್ಟ) 0. ನನ್ನ ಗೆಳೆಯನೊಬ್ಬ ಅರ್ಧ ಗಂಟೆ ಡಿಕೇ ತಿರುಗಿಸಿ, "ನಾಬ್ ಕೆಟ್ಟಿದೆ ಕಣೋ" ಅಂದ. ನೋಡಿದರೆ ಸಸ್ಟೇನ್ ಪೂರ್ತಿ ಮೇಲಿತ್ತು. ಸಸ್ಟೇನ್ 127 ಇದ್ದರೆ ಡಿಕೇಗೆ ಇಳಿಯಲು ಮೆಟ್ಟಿಲೇ ಇರುವುದಿಲ್ಲ, ಅಲ್ವಾ? ಈಗ ಕೆಳಗಿನ ಸಿ ಸ್ವರದ ಕೀ ಒತ್ತಿ. ಸದ್ದು "ಟೌಂವ್" ಎಂದು ತೆರೆದು ಮುಚ್ಚಿಕೊಳ್ಳುತ್ತದೆ. ಡಿಕೇ ಇಳಿಸಿದರೆ "ಟಪ್", ಏರಿಸಿದರೆ ನಿಧಾನಕ್ಕೆ ಬಾಯಿ ಮುಚ್ಚುವ "ವಾಂವ್". ಇಜಿ ಇಂಟ್ ಮೈನಸ್‌ಗೆ ಹೋದರೆ ಎಲ್ಲ ಉಲ್ಟಾ. ಆಗ ಮಾತ್ರ ಕಟ್‌ಆಫ್ ಮೇಲಿರಬೇಕು.

ಕಟ್‌ಆಫ್ ಹತ್ತಿರದ ಸದ್ದನ್ನು ಎತ್ತುವ ರೆಸೊನೆನ್ಸ್ 30 ದಾಟಿಸಬೇಡಿ. ಜಾಸ್ತಿ ಮಾಡಿದರೆ ಸೀಟಿ ಬರುತ್ತದೆ, ಬೇಸ್ ತೆಳ್ಳಗಾಗುತ್ತದೆ.

ಇದನ್ನೆಲ್ಲ ಹೆಡ್‌ಫೋನ್ ಹಾಕಿಕೊಂಡೇ ಮಾಡಿ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಬೇಸ್ ಕೇಳುವುದಿಲ್ಲ. ಇನ್ನೊಂದು ಮಾತು, ಸಿಂಥ್‌ಗೆ ಕಡಿಮೆ ಬೆಲೆಯ ಪವರ್ ಅಡಾಪ್ಟರ್ ತರಬೇಡಿ. ನಾನು ತಂದ 9 ವೋಲ್ಟ್‌ನದೊಂದು ಸದಾ "ಗುಂಯ್" ಅನ್ನುತ್ತಿತ್ತು, ಎರಡು ದಿನ ಸುಮ್ನೆ ಕೇಬಲ್ ಬದಲಿಸಿದೆ. ಕೊನೆಗೆ ಆರು ಎಎ ಬ್ಯಾಟರಿ ಹಾಕಿದಾಗ ಗುಂಯ್ ಮಾಯ. ಬ್ಯಾಟರಿ ಸುಮಾರು ನಾಲ್ಕು ಗಂಟೆ ಬರುತ್ತದೆ.

4. ಆಂಪ್ ಇಜಿ (ಸದ್ದಿನ ಜೋರಿನ ಎನ್ವಲಪ್): ಅಟ್ಯಾಕ್ 0, ಸಸ್ಟೇನ್ ಪೂರ್ತಿ, ರಿಲೀಸ್ (ಕೀ ಬಿಟ್ಟ ಮೇಲೆ ಆರುವ ಸಮಯ) 10.

5. ವಾಯ್ಸ್ ಅಸೈನ್ ಮೋನೋ ಮಾಡಿ, ಒಮ್ಮೆಗೆ ಒಂದೇ ಸ್ವರ ನುಡಿಯುತ್ತದೆ. ದಪ್ಪ ಬೇಕೆಂದು ಎರಡನೇ ಟಿಂಬರ್ (ಅದೇ ಪ್ರೋಗ್ರಾಂನ ಇನ್ನೊಂದು ಸದ್ದಿನ ಪದರ) ಸೇರಿಸುವ ಅಡ್ಡದಾರಿ ನನಗಂತೂ ಹಿಡಿಸುವುದಿಲ್ಲ. ಇರುವುದೇ ನಾಲ್ಕು ವಾಯ್ಸ್, ಅಂದರೆ ಒಟ್ಟಿಗೆ ನುಡಿಯುವ ನಾಲ್ಕು ಸ್ವರ. ಪ್ಯಾಡ್ (ಹಿನ್ನೆಲೆಗೆ ಉದ್ದಕ್ಕೆ ಎಳೆಯುವ ಸ್ವರಗುಚ್ಛ) ನುಡಿಸುವಾಗ ಹೀಗೆ ಮಾಡಿದರೆ ಒಟ್ಟಿಗೆ ಎರಡೇ ಸ್ವರ ಸಿಗುತ್ತವೆ, ಮೂರನೇ ಬೆರಳಿಟ್ಟರೆ ಮೊದಲಿನದರಲ್ಲಿ ಒಂದು ಹೋಗುತ್ತದೆ. ಡಿಲೇ, ಕೋರಸ್ ಎಫೆಕ್ಟ್‌ಗಳು ಕೊನೆಗೆ. ದನಿಯನ್ನು ಸಿಂಥ್ ಸದ್ದಾಗಿಸುವ ವೋಕೋಡರ್‌ನ ಮೈಕ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ.

6. ಸೇವ್ ಮಾಡಿ. ರೈಟ್ (Write) ಬಟನ್ ಒತ್ತಿ, ಜಾಗ ಆರಿಸಿ, ಮತ್ತೆ ಒತ್ತಿ. ರೈಟ್ ಪ್ರೊಟೆಕ್ಟ್ ಆನ್ ಇದ್ದರೆ ಸೇವ್ ಆಗುವುದಿಲ್ಲ, ಮೊದಲೇ ಆಫ್ ಮಾಡಿಕೊಳ್ಳಿ. ಸೇವ್ ಮಾಡದೆ ಬೇರೆ ಪ್ರೋಗ್ರಾಂ ನಂಬರ್ ಒತ್ತಿದಿರೋ, ಮತ್ತೆ ಒಂದನೇ ಹೆಜ್ಜೆ.