58 ಲಕ್ಷ ಖರ್ಚಾದಾಗಲೇ ದಾಟಿದ್ದ 120ರ ಗೆರೆ

ಅಮೆರಿಕದಲ್ಲಿ ಸರ್ಕಾರಿ ಕೆಲಸ ಹಿಡಿದಿದ್ದ ಗುತ್ತಿಗೆ ಸಂಸ್ಥೆಯೊಂದರಲ್ಲಿ ನಾನು ವೆಚ್ಚ ನಿಯಂತ್ರಣ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಫೆಡರಲ್ ಖರೀದಿ ನಿಯಮಾವಳಿಯ 16.403ನೇ ವಿಧಿಯಡಿ ಬರುವ, ಪ್ರೋತ್ಸಾಹಧನವಿರುವ ನಿಗದಿತ ಬೆಲೆಯ ಒಪ್ಪಂದ ನಮ್ಮದು. ಅಂಕಿಗಳನ್ನು ಸರಳಗೊಳಿಸಿ ಹೇಳುತ್ತೇನೆ: ಗುರಿ ವೆಚ್ಚ 100 ಲಕ್ಷ ಡಾಲರ್, ಗುರಿ ಲಾಭ 10, ಗುರಿ ಬೆಲೆ 110, ಗರಿಷ್ಠ ಬೆಲೆ 124. ವೆಚ್ಚ ಮೀರಿದರೆ ಹಂಚಿಕೆ 70/30. ಮೊದಲ ಅಂಕಿ ಖರೀದಿದಾರರದು.

ಬೆಲೆ 110ರಿಂದ 124 ಮುಟ್ಟುವವರೆಗೆ ಮಾತ್ರ ಅವರು ನಮ್ಮ ಜೊತೆಗಿರುತ್ತಾರೆ. ಆ 14 ಲಕ್ಷ ಎಂದರೆ ಮೀರಿದ ವೆಚ್ಚದ ಶೇ. 70. 14ನ್ನು 0.70ರಿಂದ ಭಾಗಿಸಿದರೆ 20. ಗುರಿ ವೆಚ್ಚಕ್ಕೆ ಕೂಡಿಸಿದರೆ 120. ಇದನ್ನೇ ಪಾಯಿಂಟ್ ಆಫ್ ಟೋಟಲ್ ಅಸಂಪ್ಷನ್, ಚಿಕ್ಕದಾಗಿ ಪಿಟಿಎ, ಎನ್ನುತ್ತಾರೆ. ಅಲ್ಲಿಂದಾಚೆಗೆ ಖರ್ಚಾಗುವ ಪ್ರತಿ ಡಾಲರೂ ನಮ್ಮ ಲಾಭದಿಂದಲೇ ಹೋಗುತ್ತದೆ.

ಮೊದಲ ಸಲ ನಾನು ನಮ್ಮ ಪಾಲಾದ 0.30ರಿಂದ ಭಾಗಿಸಿ 146.67 ಎಂದು ಬರೆದಿದ್ದೆ. ಆ ತಪ್ಪು ಹಿಡಿಯುವ ದಾರಿ ಸುಲಭ: ಆ ಬಿಂದುವಿನ ಲಾಭವನ್ನು ಎರಡು ರೀತಿಯಲ್ಲಿ ತೆಗೆಯಬೇಕು. 120ರಲ್ಲಿ ಗರಿಷ್ಠ ಬೆಲೆಯಿಂದ ವೆಚ್ಚ ಕಳೆದರೆ 4. ಗುರಿ ಲಾಭ 10ರಿಂದ ಮೀರಿದ 20ರ ಶೇ. 30 ಕಳೆದರೂ 4. ನನ್ನ 146.67ರಲ್ಲಿ ಒಂದು ಲೆಕ್ಕ 22.67 ನಷ್ಟ ತೋರಿಸಿತು, ಇನ್ನೊಂದು 4 ನಷ್ಟ.

ನಿಜವಾಗಿ ನೋವಾದದ್ದು ಎರಡನೆಯ ತಪ್ಪಿನಿಂದ. ತಿಂಗಳಿಗೊಮ್ಮೆ 120ನ್ನು ಅಲ್ಲಿಯವರೆಗಿನ ಖರ್ಚಿನ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಖರ್ಚು 58, ಇನ್ನೂ ಬಹಳ ದೂರವಿದೆ ಎಂದುಕೊಂಡೆ. ಆದರೆ ಆ 58ಕ್ಕೆ ಆಗಿದ್ದ ಕೆಲಸ, ಗುರಿ ವೆಚ್ಚದ ಲೆಕ್ಕದಲ್ಲಿ, 100ರಲ್ಲಿ 48ರಷ್ಟು ಮಾತ್ರ. ಅದೇ ದಕ್ಷತೆಯಲ್ಲಿ ಕೆಲಸ ಮುಗಿಯುವ ಹೊತ್ತಿಗೆ ವೆಚ್ಚ 120.8! ಅರ್ಧ ದಾರಿಯಲ್ಲೇ ಗೆರೆ ನಮ್ಮ ಹಿಂದೆ ಬಿದ್ದಿತ್ತು. ಪಿಟಿಎಯನ್ನು ಹೋಲಿಸಬೇಕಾದದ್ದು ಅಂತಿಮ ವೆಚ್ಚದ ಅಂದಾಜಿನೊಂದಿಗೆ.

ಅಂದೇ ಕಡತಗಳನ್ನು ಬಿಚ್ಚಿದೆವು. ಖರೀದಿದಾರರು ಫೋನಿನಲ್ಲಿ ಕೇಳಿದ್ದ ಹೆಚ್ಚುವರಿ ಪರೀಕ್ಷೆಗಳನ್ನೂ ಹಳೆಯ ಗುರಿಯ ಲೆಕ್ಕದಲ್ಲೇ ಮಾಡಿಬಿಟ್ಟಿದ್ದೆವು. ಬರಹದಲ್ಲಿ ತಿದ್ದುಪಡಿ ಮಾಡಿಸಿದ ಮೇಲೆ ಗುರಿ ವೆಚ್ಚ, ಗುರಿ ಬೆಲೆ, ಗರಿಷ್ಠ ಬೆಲೆ ಮೂರೂ ಬದಲಾದವು. ಪಿಟಿಎಯನ್ನು ಹೊಸದಾಗಿ ತೆಗೆದೆ. ನಮ್ಮದೇ ನಿಧಾನಗತಿಯಿಂದ ಆದ ಮೀರಿಕೆ ಮಾತ್ರ ಹಾಗೆಯೇ ಉಳಿಯಿತು.